ಸೊಂಟಕ್ಕೆ ಕಾಣದ ಕೆಲಸ

ಏಳು ದಿನ ಮಂಗಲಾಳ ಸೊಂಟಕ್ಕೆ ಅಂಟಿಕೊಂಡಿದ್ದ, ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ ಕೊನೆಗೂ ಬಾಯಿ ಬಿಟ್ಟಿತು. ದಿನಕ್ಕೆ ಸಾವಿರದ ಇನ್ನೂರು ಹೆಜ್ಜೆ, ಉಳಿದ ಹೊತ್ತೆಲ್ಲ ಕುಳಿತದ್ದೇ.

"ನಾ ಹೇಳಿದ್ದಿಲ್ಲೇನು?" ಎಂದಳು ಅತ್ತೆ ಪಾರ್ವತೆವ್ವ. "ದಿನಾ ಮಧ್ಯಾಹ್ನ ಕಾಲು ಸತ್ತಾವು ಅಂತ ಮಲಗತಾಳ. ಕುಂತು ಕುಂತು ಜೋಮು ಹಿಡದಿರತೈತಿ, ಅಷ್ಟ."

ಮಂಗಲಾಳಿಗೆ ಇರುವುದು ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಮೇಲಿನ ಹೊದಿಕೆ ಹಾಳಾಗುವ ರೋಗ. ಫಾತೋರ್ಡಾ ಊರಿನಲ್ಲಿ ಮನೆಯವರೇ ನಡೆಸುವ ರೊಟ್ಟಿ ಖಾನಾವಳಿಯಲ್ಲಿ ಆ ಹೆಸರು ಯಾರ ನಾಲಗೆಗೂ ಹೊರಳುವುದಿಲ್ಲ. ನೋಡಿದರೆ ಅವಳು ಗಟ್ಟಿಮುಟ್ಟಾಗಿಯೇ ಇದ್ದಾಳೆ, ತೊಂದರೆಯೇ ಅದು. ತನ್ನ ದಣಿವು ಸುಳ್ಳಲ್ಲವೆಂದು ಯಂತ್ರವಾದರೂ ಹೇಳೀತೆಂದು ಕಾದಿದ್ದಳು. ಅದೂ ಅತ್ತೆಯ ಪಕ್ಷ ಸೇರಿತು.

ಯಂತ್ರ ಕೊಟ್ಟಿದ್ದ ಫಿಸಿಯೋಥೆರಪಿಸ್ಟ್ ಜಾಸ್ಮೀನ ಹುಬ್ಬಳ್ಳಿಯಲ್ಲಿ ಓದಿದವಳು. ಅವಳು ಮಾತ್ರ ಯಂತ್ರದ ಲೆಕ್ಕ ಮೂಡಿದ್ದ ಮೊಬೈಲಿನ ಗೀಟುಗಳಿಂದ ಕಣ್ಣು ತೆಗೆಯಲಿಲ್ಲ.

"ಮಂಗಲಾಕ್ಕಾ, ಮುಂಜಾನೆ ಎಂಟರಿಂದ ಹನ್ನೊಂದರ ತನಕಾ ಗೀಟು ಸಪಾಟ ಐತಿ. ಆವಾಗ ಏನ್ ಮಾಡತೀರಿ?"

"ರೊಟ್ಟಿ ಬಡಿತೇನ್ರಿ, ಸ್ಟೂಲಿನ ಮ್ಯಾಲ ಕುಂತು."

"ಎಷ್ಟು?"

"ನೂರಾ ಐವತ್ತು."

ಜಾಸ್ಮೀನ ತಲೆ ಎತ್ತಿದಳು. "ಸೊಂಟದ ಯಂತ್ರ ನಡದದ್ದಷ್ಟ ಹಿಡಿತೈತಿ. ಕೈ ಕೆಲಸಾ ಅದಕ್ಕ ಕಾಣೂದಿಲ್ಲ. ಮೊದಲ ಕೇಳಬೇಕಿತ್ತು, ನಂದ ತಪ್ಪು."

ಮರುದಿನ ಅಡುಗೆಮನೆಗೇ ಬಂದು ಮಂಗಲಾಳ ಮಣಿಕಟ್ಟಿಗೆ ಇನ್ನೊಂದು ಯಂತ್ರ ಕಟ್ಟಿದಳು. ಪಾರ್ವತೆವ್ವಳೂ ಕೈ ಚಾಚಿದಳು.

"ನನಗೂ ಒಂದ ಕಟ್ಟು, ಡಾಕ್ಟರವ್ವಾ. ನೋಡೇ ಬಿಡೂಣು."

ಎರಡು ಒಲೆ, ಎರಡು ಹಂಚು. ನಲವತ್ತನೆಯ ರೊಟ್ಟಿಗೆ ಪಾರ್ವತೆವ್ವ ನೀರು ಕೇಳಿದಳು, ಆಮೇಲೆ ಹಿಟ್ಟಿಗೆ ಕೈ ಹಾಕಲಿಲ್ಲ. ಮಂಗಲಾ ಬಡಿಯುತ್ತಲೇ ಇದ್ದಳು. ಮುಗಿಸಿ ಎದ್ದಾಗ ಎಡಗಾಲು ಎಳೆಯಿತು, ಗೋಡೆ ಹಿಡಿದಳು.

"ಹಂಚಿನ ಕಾವಿಗೆ ನರಾ ಇನ್ನಷ್ಟು ಸೋಲ್ತಾವ್ರಿ," ಎಂದ ಜಾಸ್ಮೀನ ಇಬ್ಬರ ಕೈಗೀಟುಗಳನ್ನೂ ಮೊಬೈಲಿನಲ್ಲಿ ತೋರಿಸಿದಳು.

ಪಾರ್ವತೆವ್ವ ಬಹಳ ಹೊತ್ತು ನೋಡಿದಳು. "ಈ ದೊಡ್ಡ ಗುಡ್ಡ ನಂದೇನು?"

"ಅಲ್ರಿ, ಅಕ್ಕಂದು. ನಿಮ್ಮದು ಈ ದಿಬ್ಬ."

ಮುದುಕಿ ಸೊಸೆಯ ಕಡೆ ತಿರುಗಿ, "ದಿನಾ ಇಷ್ಟು ಬಡೀತಿಯಲ್ಲ, ಕುಂತ ಕೆಲಸಾನೂ ಹಿಂಗ ದಣಸತೈತಿ ಅಂತ ನನಗ ತಿಳೀಲಿಲ್ಲ ನೋಡು. ನಾಳಿಂದ ನೀ ಬಿಟ್ಟಬಿಡು," ಎಂದಳು.

"ಬಿಡೂದಿಲ್ರಿ ಅತ್ತಿ, ನನ್ನ ಕೈಗೆ ಕೆಲಸಾ ಬೇಕು. ಎಂಬತ್ತು ನಾ ಬಡಿತೇನಿ, ನಸುಕಿನ ತಂಪಿನಾಗ. ಉಳಿದ ಎಪ್ಪತ್ತು ನಿಮ್ಮವು."

ಪಾರ್ವತೆವ್ವ ತೋಳು ನೀವಿಕೊಂಡಳು. "ಐವತ್ತು ಮಾತ್ರ ನಂದು. ಇಪ್ಪತ್ತು ನಿನ್ನ ಗಂಡ ಬಡೀಲಿ. ಅವಂಗೂ ಎರಡು ಕೈ ಅದಾವಲ್ಲ."