ಮುಂಬಾಗಿಲ ದಾರಿ

ರೂಮ್‌ಬಾಯ್ ವಿಲ್ಸನ್ ಟ್ರಾಲಿಯನ್ನು ಹಿಂದಿನ ಓಣಿಯ ಕಡೆ ತಿರುಗಿಸಿದ್ದೇ ತಡ, ಸುಮಿತ್ರ ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಆ ಕಡೆಯಿಂದ ಬೇಡ. ಎದುರಿನ ಬಾಗಿಲಿಂದ ಹೋಗ್ಲಿ.”

ಟ್ರಾಲಿಯ ಮೇಲೆ ಬಿಳಿ ಹೊದಿಕೆಯಡಿ ಅವಳ ಗಂಡ ಉಪೇಂದ್ರ. ಮೂವತ್ತೊಂದು ವರ್ಷ ಈ ಹೋಟೆಲಿನ ಕೋಣೆಗಳ ಉಸ್ತುವಾರಿ ನೋಡಿದವನು ಬೆಳಗಿನ ಜಾವ ಇಸ್ತ್ರಿ ಕೋಣೆಯಲ್ಲೇ ಕುಸಿದುಬಿದ್ದಿದ್ದ. ಡಾಕ್ಟರು ಬಂದು ಚೀಟಿ ಬರೆದುಕೊಟ್ಟಾಗಿತ್ತು. ಇನ್ನು ಮನೆಗೆ ಒಯ್ದು ಸ್ನಾನ ಮಾಡಿಸಬೇಕು, ಎರಡು ಗಂಟೆಗೆ ಶ್ಮಶಾನ.

ಮ್ಯಾನೇಜರ್ ಜಾಯ್ಸ್ ಮೇಡಂ ದನಿ ತಗ್ಗಿಸಿದಳು. “ಚೇಚೀ, ವರಾಂಡದಲ್ಲಿ ಗೆಸ್ಟ್‌ಗಳು ಬ್ರೇಕ್‌ಫಾಸ್ಟಿಗೆ ಕೂತಿದ್ದಾರೆ. ಆಂಬುಲೆನ್ಸ್ ಲಾಂಡ್ರಿ ಗೇಟಿನಲ್ಲಿದೆ. ಈ ಕ್ರಮ ಮಾಡಿದ್ದೇ ಉಪೇಂದ್ರ ಸಾರ್ ಅಲ್ಲವಾ?”

ಮಾತು ಸುಳ್ಳಲ್ಲ. ಅದಕ್ಕೇ ಸುಮಿತ್ರ ಹಿಡಿ ಬಿಡಲಿಲ್ಲ.

* * *

ದೊರೆಗಳ ಕಾಲದ ಆ ಬಂಗಲೆಯಲ್ಲಿ ತಂಗಲು ಬಂದವರು ಯಾರಾದರೂ ತೀರಿಕೊಂಡರೆ ಉಳಿದವರಿಗೆ ಸುಳಿವೂ ಹತ್ತಬಾರದು. ರಜೆಯ ಖುಷಿ ಕೆಡಬಾರದಲ್ಲ! ಆ ಕೆಲಸಕ್ಕೆ ಉಪೇಂದ್ರನೇ ಆಗಬೇಕು. ಒಗೆಯುವ ಬಟ್ಟೆಗಳಡಿ ಮಲಗಿಸಿ, ಲಾಂಡ್ರಿ ಗೇಟು ದಾಟಿಸಿಬಿಡುತ್ತಿದ್ದ.

ಒಮ್ಮೆ ಮಧ್ಯಾಹ್ನ ಮನೆಗೆ ಬಂದವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತ.

“ಎಂತಾಯ್ತು? ಊಟ ಸೇರುದಿಲ್ವಾ ನಿಮ್ಗೆ?”

“ಮೊನ್ನೆ ಎದುರಿನ ಮೆಟ್ಲು ಹತ್ತಿ ನಗಾಡಿಕೊಂಡು ಬಂದ ಹೆಂಗ್ಸು ಮಾರಾಯ್ತಿ. ಇವತ್ತು ಕೊಳೆ ಬಟ್ಟೆಯ ಒಟ್ಟಿಗೆ ಕಳಿಸಿದೆ.”

ಅನ್ನ ಮುಟ್ಟದೆ ಎದ್ದುಹೋದ. ಮರುದಿನ ಎಂದಿನಂತೆ ಕೆಲಸಕ್ಕೂ ಹೋದ.

* * *

“ಅಮ್ಮೇ, ಇಶ್ಯೂ ಆಕ್ಕಲ್ಲೇ,” ದೊಡ್ಡದು ಮಾಡಬೇಡವೆಂದು ಮಗ ಸುಧನ್ವ ಮಲಯಾಳದಲ್ಲೇ ಅಂಗಲಾಚಿದ. ಸುದ್ದಿ ತಿಳಿದೊಡನೆ ಎಡಪ್ಪಳ್ಳಿಯಿಂದ ಕಾರು ಓಡಿಸಿಕೊಂಡು ಬಂದವನಿಗೆ ಗಲಾಟೆ ಬೇಡವಾಗಿತ್ತು.

“ನಿನ್ನ ಅಪ್ಪ ಕೊಳೆ ಬಟ್ಟೆಯಾ ಮಗಾ?”

ಸುಧನ್ವ ಟ್ರಾಲಿಯ ಮುಂದಿನಿಂದ ಪಕ್ಕಕ್ಕೆ ಸರಿದ. ಹನ್ನೆರಡು ವರ್ಷ ಉಪೇಂದ್ರನ ಕೈಕೆಳಗೆ ಪಳಗಿದ ವಿಲ್ಸನ್ ಫೋನು ತೆಗೆದು, ಆಂಬುಲೆನ್ಸನ್ನು ಮುಂಭಾಗಕ್ಕೆ ಬರಹೇಳಿದ.

“ನಿನ್ನ ಕೆಲಸ ಹೋಗುತ್ತೆ, ವಿಲ್ಸನ್!”

“ಹೋಗಲಿ ಮೇಡಂ,” ಎಂದವನು ಹಾಲಿನ ಬಾಗಿಲು ತೆರೆದು ಹಿಡಿದ.

ಸುಮಿತ್ರಳೇ ಟ್ರಾಲಿ ತಳ್ಳಿದಳು. ಹಾಲ್ ದಾಟಿ ವರಾಂಡಕ್ಕೆ ಬಂದಳು. ಯಾರು ಏನೆನ್ನುವರೋ, ಯಾರು ತಡೆಯುವರೋ. ಆದರೆ ಒಬ್ಬರೂ ತಲೆಯೆತ್ತಲಿಲ್ಲ. ಉಪೇಂದ್ರ ವಾರಕ್ಕೊಮ್ಮೆ ತಾನೇ ಎಣ್ಣೆ ಬಿಡುತ್ತಿದ್ದ ಚಕ್ರಗಳು ಚೂರೂ ಸದ್ದು ಮಾಡಲಿಲ್ಲ. ಒಬ್ಬಾಕೆ, ಒಗೆಯುವ ಬಟ್ಟೆ ಹೋಗುತ್ತಿದೆ ಅಂದುಕೊಂಡೋ ಏನೋ, ಫೋನಿನಿಂದ ಕಣ್ಣು ಕೀಳದೆ ಕಾಲು ಸರಿಸಿ ದಾರಿ ಬಿಟ್ಟಳು.

ಸುಮಿತ್ರಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಮೇಜುಗಳ ನಡುವೆ ಟ್ರಾಲಿ ನಿಲ್ಲಿಸಿ, ಗಂಡನ ಮುಖದ ಮೇಲಿನ ಹೊದಿಕೆ ಸರಿಸಿದಳು. ಮದುವೆಯಾದಂದಿನಿಂದ ಒಮ್ಮೆಯೂ ಬಾಯಲ್ಲಿ ಹೇಳದ ಹೆಸರನ್ನು ಗಂಟಲು ಬಿರಿಯುವಂತೆ ಕೂಗಿದಳು.

“ಉಪೇಂದ್ರಾ!”

ಕಪ್ಪು-ಬಸಿಗಳ ಸದ್ದು ನಿಂತಿತು. ಎಲ್ಲೋ ಒಂದು ಕುರ್ಚಿ ಹಿಂದಕ್ಕೆ ಸರಿಯಿತು. ಆಮೇಲೆ ಇನ್ನೊಂದು.