ಡಾಕ್ಟರಮ್ಮನ ಸಹಿ

ಡಾಕ್ಟರಮ್ಮನ ಅಕ್ಷರವನ್ನು ಯಾರು ಬೇಕಾದರೂ ಓದಬಹುದಾಗಿತ್ತು. ವೈದ್ಯರ ಬರಹವೆಂದರೆ ಔಷಧದಂಗಡಿಯವನೊಬ್ಬನಿಗೇ ಒಲಿಯುವ ಗುಪ್ತಲಿಪಿಯೆಂದು ನಂಬಿಕೊಂಡಿದ್ದ ನಮ್ಮ ಪೇಟೆಗೆ ಅದೊಂದು ಅಚ್ಚರಿ. ಒಂದೊಂದು ಅಕ್ಷರವನ್ನೂ ದುಂಡಗೆ, ಬಿಡಿಬಿಡಿಯಾಗಿ, ಮಕ್ಕಳ ಕಾಪಿ ಪುಸ್ತಕಕ್ಕೆ ಮೇಲ್ಪಂಕ್ತಿ ಹಾಕಿಕೊಡುವ ಶಿಕ್ಷಕಿಯ ಹಾಗೆ ಬರೆಯುತ್ತಿದ್ದರು. ಬರೆದಾದ ಮೇಲೆ ಚೀಟಿಯನ್ನು ರೋಗಿಯ ಕಡೆಗೆ ತಿರುಗಿಸಿ, ಓದು ಬಲ್ಲವರಾದರೆ ಅವರಿಂದಲೇ ಓದಿಸಿ, ಬಾರದವರಾದರೆ ತಾವೇ ಬೆರಳಿಟ್ಟು ಓದಿ ಹೇಳುತ್ತಿದ್ದರು. ವೃತ್ತಿಗೆ ಬಂದ ಮೊದಲ ವರ್ಷ ಅವಸರದಲ್ಲಿ ಗೀಚಿದ ಒಂದು ಅಂಕಿಯನ್ನು ಕಾಂಪೌಂಡರ್ ತಪ್ಪಾಗಿ ಓದಿ, ಒಬ್ಬ ಮುದುಕಿ ಎರಡು ದಿನ ಎಚ್ಚರ ತಪ್ಪಿ ಮಲಗಿದ್ದಳಂತೆ. ಮುದುಕಿಯೇನೋ ಎದ್ದು ಮನೆಗೆ ಹೋದಳು. ಡಾಕ್ಟರಮ್ಮ ಮಾತ್ರ ಆ ಎರಡು ದಿನಗಳಿಂದ ಆಚೆಗೆ ಬರಲೇ ಇಲ್ಲ.

ಗಿಡ್ಡ ಆಳು. ಹೆಜ್ಜೆ ಸಣ್ಣದು, ಬಿರುಸು ಜಾಸ್ತಿ. ಯಾವಾಗಲೂ ಎಲ್ಲಿಗೋ ತಡವಾದವರ ನಡಿಗೆ. ಬಿಳಿ ಕೋಟಿನ ಬಲಜೇಬು ಟಾರ್ಚಿನ ಭಾರಕ್ಕೆ ಹರಿದು, ಅದನ್ನು ಕೈಗೆ ಸಿಕ್ಕಿದ ನೀಲಿ ದಾರದಲ್ಲಿ ಹೊಲಿದುಕೊಂಡು, ಆ ಹೊಲಿಗೆಯೂ ಸಡಿಲಾಗಿ ಮತ್ತೆ ಹೊಲಿದು, ಕಡೆಗೆ ಜೇಬಿಗಿಂತ ದಾರವೇ ಹೆಚ್ಚಾಗಿತ್ತು. ಕ್ಲಿನಿಕ್ಕಿನ ಪಕ್ಕದಲ್ಲೇ ಔಷಧದಂಗಡಿ ಇಟ್ಟಿದ್ದ ಅವರ ತಮ್ಮನು ಹೊಸ ಕೋಟು ತಂದುಕೊಟ್ಟರೆ ಬೀರುವಿನಲ್ಲಿಟ್ಟು ಮರೆಯುತ್ತಿದ್ದರು. ಮಾತಿನಲ್ಲಿ ಅವರಿಗೊಂದು ಚಟವಿತ್ತು, "ಅದಿರಲಿ." ರೋಗಿ ತನ್ನ ಸೊಸೆಯ ಗಯ್ಯಾಳಿತನವನ್ನೋ ನೆರೆಮನೆಯ ನಲ್ಲಿಜಗಳವನ್ನೋ ವಿಸ್ತರಿಸುತ್ತ ಕೂತರೆ ಪೂರ್ತಿ ಕೇಳಿಸಿಕೊಂಡು, "ಅದಿರಲಿ, ನಿದ್ದೆ ಬರುತ್ತಾ?" ಎನ್ನುವರು. ಕೇಳಿಸಿಕೊಂಡದ್ದು ವ್ಯರ್ಥವಲ್ಲವೆಂಬುದು ಚೀಟಿ ನೋಡಿದರೆ ತಿಳಿಯುತ್ತಿತ್ತು.

ಪೇಟೆಯ ಪೂರ್ವದಂಚಿಗೆ ಕಲ್ಲು ಕತ್ತರಿಸಿ ನಯಗೊಳಿಸುವ ಶೆಡ್ಡುಗಳಿದ್ದವು, ಒಟ್ಟು ನಲವತ್ತೊಂದು. ತಗಡಿನ ಮಾಡು, ಮೂರು ಕಡೆ ಗೋಡೆ, ಒಳಗೆ ಸುತ್ತುವ ಚಕ್ರಗಳು. ನೀರು ಹಾಯಿಸಿಕೊಂಡು ಕತ್ತರಿಸಿದರೆ ಧೂಳೇಳುವುದಿಲ್ಲ, ಆದರೆ ಕೆಲಸ ನಿಧಾನ. ಹಾಗಾಗಿ ಒಣಗಲ್ಲನ್ನೇ ಕತ್ತರಿಸುತ್ತಿದ್ದರು. ಸಂಜೆ ಕೆಲಸ ಬಿಟ್ಟು ಬರುವ ಗಂಡಸರ ರೆಪ್ಪೆ, ಮೀಸೆ, ಕಿವಿಯ ರೋಮ ಎಲ್ಲವೂ ಬೆಳ್ಳಗಿರುತ್ತಿದ್ದವು. ಇಪ್ಪತ್ತಕ್ಕೆ ಸೇರಿದವನು ಮೂವತ್ತೈದಕ್ಕೆ ಕ್ಲಿನಿಕ್ಕಿನ ಮೂರು ಮೆಟ್ಟಿಲು ಹತ್ತಲು ಮೂರು ಸಲ ನಿಲ್ಲುವನು. ಡಾಕ್ಟರಮ್ಮ ಅವನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಕೆಳಗಿಟ್ಟು, ಕೆಲಸ ಬಿಡಲು ಹೇಳುವರು. ಯಾರೂ ಬಿಡುತ್ತಿರಲಿಲ್ಲ. ಒಂದೆರಡು ವರ್ಷದಲ್ಲಿ ಅವನ ಮರಣಪತ್ರಕ್ಕೆ ಅವರೇ ಸಹಿ ಹಾಕಬೇಕಾಗುತ್ತಿತ್ತು. 'ಮರಣಕ್ಕೆ ಕಾರಣ' ಎಂಬಲ್ಲಿ ಆ ದುಂಡಕ್ಷರಗಳಲ್ಲಿ 'ಕಲ್ಲುಧೂಳಿನಿಂದ ಶ್ವಾಸಕೋಶ ನಾಶ' ಎಂದು ಬರೆಯುವರು. ಕ್ಷಯವೆಂದು ಬರೆದರೆ ಎಲ್ಲರಿಗೂ ಅನುಕೂಲವೆಂದು ಆರೋಗ್ಯ ಇಲಾಖೆಯ ಅಧಿಕಾರಿ ಎರಡು ಸಲ ಬಂದು ಸೌಜನ್ಯದಿಂದಲೇ ತಿಳಿಸಿ ಹೋಗಿದ್ದ. ಇವರು ಅಷ್ಟೇ ಸೌಜನ್ಯದಿಂದ ಅವನ ರಕ್ತದೊತ್ತಡ ನೋಡಿ, ಉಪ್ಪು ಕಡಿಮೆ ಮಾಡಲು ಹೇಳಿ ಕಳಿಸಿದ್ದರು.

ಇಪ್ಪತ್ತೆರಡು ವರ್ಷ ಹೀಗೆಯೇ ನಡೆಯಿತು. ಇದನ್ನು ತಪ್ಪಿಸಿ ಅವರನ್ನು ಬೇರೆ ದಾರಿಗೆ ಹಚ್ಚಿದವನು ಹನ್ನೆರಡನೇ ಶೆಡ್ಡಿನ ಮೇಸ್ತ್ರಿ. ತನ್ನ ಕೈಕೆಳಗಿನ ಆರನೆಯ ಕೆಲಸಗಾರನ ಮರಣಪತ್ರ ಒಯ್ಯಲು ಬಂದವನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಹೋಗದೆ ಬೆಂಚಿನ ಮೇಲೆ ಕೂತ.

"ನೀವು ಬರೆಯೋದು ಸತ್ತ ಮೇಲೆ ಅಮ್ಮ. ಸಾಯೋಕೆ ಮುಂಚೆ ಬರೆಯೋ ಜಾಗ ಒಂದಿದೆಯಂತೆ. ಅಲ್ಲಿಗೆ ಹೋಗಿ" ಎಂದ.

ಡಾಕ್ಟರಮ್ಮ "ಅದಿರಲಿ" ಎಂದರು. ಆದರೆ ಮುಂದಿನ ಪ್ರಶ್ನೆ ಬಾಯಿಗೆ ಬರಲಿಲ್ಲ.

ಚುನಾವಣೆಗೆ ನಿಂತರು. ಪಕ್ಷವೊಂದಕ್ಕೆ ಕಳಂಕವಿಲ್ಲದ ಮುಖ ಬೇಕಿತ್ತು, ಇವರಿಗೊಂದು ಬಾಗಿಲು ಬೇಕಿತ್ತು. ಪ್ರಚಾರದ ಭಾರವನ್ನೆಲ್ಲ ಹೊತ್ತವನು ತಮ್ಮ. ಅಕ್ಕ ವೇದಿಕೆಯಿಂದ ಇಳಿದರೆ ಸಾಕು, ಜನ ಕೈಮುಗಿಯುವುದಕ್ಕೆ ಮುಂಚೆ ನಾಲಿಗೆ ಚಾಚುತ್ತಿದ್ದರು. ಇವರೂ ಮತ ಕೇಳುವುದನ್ನು ಬಿಟ್ಟು ಟಾರ್ಚು ಹಿಡಿದು ಗಂಟಲು ನೋಡುತ್ತ ನಿಲ್ಲುತ್ತಿದ್ದರು. "ಅಕ್ಕ, ಇದು ಸಭೆ, ಕ್ಲಿನಿಕ್ಕಲ್ಲ" ಎಂದು ತಮ್ಮ ತಲೆ ಚಚ್ಚಿಕೊಂಡದ್ದೇ ಬಂತು. ನಗೆಯ ನಡುವೆಯೇ ಗೆದ್ದುಬಿಟ್ಟರು. ಫಲಿತಾಂಶದ ದಿನ ಮೇಸ್ತ್ರಿ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಕೂತು ಉಸಿರು ಹಿಡಿದು ಹಿಡಿದು ನಕ್ಕ. ಅವನ ಎದೆಯೂ ಆಗಲೇ ಕೆಟ್ಟಿತ್ತು.

ಶಾಸನಸಭೆಯಲ್ಲಿ ಮೊದಲ ಎರಡು ವರ್ಷ ಅವರು ಕೇಳಿದ್ದು ಒಂದೇ: ಕಲ್ಲು ಕತ್ತರಿಸುವಲ್ಲಿ ನೀರು ಹಾಯಿಸುವುದನ್ನು ಕಡ್ಡಾಯ ಮಾಡುವ ಕಾನೂನು. ಮಸೂದೆಯೊಂದು ಹೇಗೋ ಸಿದ್ಧವಾಯಿತು. ಅದನ್ನು ಪರಿಶೀಲಿಸಲು ಸಮಿತಿಯಾಯಿತು. ಇವರೂ ಅದರ ಸದಸ್ಯೆಯಾದರು. ಎಕ್ಸ್‌ರೇಗಳ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಆ ಉದ್ದನೆಯ ಮೊಗಸಾಲೆಗಳಲ್ಲಿ ಬಿರುಸಾಗಿ ನಡೆಯುವ ಗಿಡ್ಡ ಹೆಂಗಸನ್ನು ಕಂಡು ಹಳೆಯ ಹುಲಿಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಬೆನ್ನ ಹಿಂದೆ ಮುಗುಳ್ನಗುತ್ತಿದ್ದರು. ಸಮಿತಿಯ ಅಧ್ಯಕ್ಷರು ಮಾತ್ರ ನಗಲಿಲ್ಲ. ಅವರು ಮೃದುಭಾಷಿ, ವಯೋವೃದ್ಧ, ಮನುಷ್ಯರ ಮರ್ಮ ಬಲ್ಲವರು. ಒಂದು ಮಧ್ಯಾಹ್ನ ಇವರನ್ನು ಕೋಣೆಗೆ ಕರೆದು, ವರದಿಯ ಕರಡನ್ನು ಮುಂದಿಟ್ಟರು. ಪೇಟೆಗೆ ಮೂವತ್ತು ಹಾಸಿಗೆಯ ಎದೆರೋಗದ ಆಸ್ಪತ್ರೆ ತಕ್ಷಣ ಮಂಜೂರು ಮಾಡಬೇಕೆಂದು ಅದರಲ್ಲಿ ಶಿಫಾರಸ್ಸಿತ್ತು. ಜೊತೆಗೆ ಒಂದು ವಾಕ್ಯವಿತ್ತು: ಧೂಳಿಗೂ ಈ ಕಾಯಿಲೆಗೂ ನೇರ ಸಂಬಂಧವಿದೆಯೆಂದು ಹೇಳಲು ಹೆಚ್ಚಿನ ಅಧ್ಯಯನ ಅಗತ್ಯ.

ಆ ವಾಕ್ಯ ಸುಳ್ಳೆಂದು ಡಾಕ್ಟರಮ್ಮ ಹೇಳಿದರು. ಅಧ್ಯಕ್ಷರು ಅಲ್ಲಗಳೆಯಲಿಲ್ಲ. ಅದಿಲ್ಲದೆ ಉಳಿದ ಸದಸ್ಯರು ಸಹಿ ಹಾಕುವುದಿಲ್ಲ, ಸಹಿಯಿಲ್ಲದೆ ಆಸ್ಪತ್ರೆಯಿಲ್ಲ, ಕಾನೂನನ್ನು ಮುಂದೊಮ್ಮೆ ನೋಡಿಕೊಳ್ಳಬಹುದು ಎಂದು ತಿಳಿಹೇಳಿ, ಕಡೆಗೆ ಬಹಳ ಮೆಲ್ಲಗೆ, "ನಿಮ್ಮ ರೋಗಿಗಳಿಗೆ ಇವತ್ತು ಬೇಕಾಗಿರೋದು ವಾಕ್ಯವೋ, ಆಕ್ಸಿಜನ್ನೋ?" ಎಂದು ಕೇಳಿದರು.

ಆ ವಾರ ಪೇಟೆಯಲ್ಲಿ ಹನ್ನೊಂದು ಮಂದಿ ಮಲಗಲಾಗದೆ ಗೋಡೆಗೊರಗಿ ಕೂತೇ ಹಗಲಿರುಳು ಕಳೆಯುತ್ತಿದ್ದರು. ಇದ್ದ ಒಂದೇ ಆಕ್ಸಿಜನ್ ಸಿಲಿಂಡರನ್ನು ಡಾಕ್ಟರಮ್ಮನ ತಮ್ಮನೇ ತಳ್ಳುಗಾಡಿಯಲ್ಲಿಟ್ಟು ಮನೆಯಿಂದ ಮನೆಗೆ ಒಯ್ಯುತ್ತಿದ್ದ; ಒಬ್ಬನ ಮೂಗಿನಿಂದ ಕೊಳವೆ ತೆಗೆದು ಇನ್ನೊಬ್ಬನ ಮನೆಗೆ ಹೊರಡುವಾಗ ಹೆಂಡತಿಯರು ಅವನ ಮುಖ ನೋಡುತ್ತಿರಲಿಲ್ಲ. ಡಾಕ್ಟರಮ್ಮನ ಕಣ್ಣ ಮುಂದೆ ಆ ತಳ್ಳುಗಾಡಿ ಬಂತು. ಪೆನ್ನು ತೆಗೆದು, ಕರಡಿನ ಕೊನೆಯ ಪುಟದಲ್ಲಿ, ಯಾರು ಬೇಕಾದರೂ ಓದಬಹುದಾದ ಹಾಗೆ ಸಹಿ ಹಾಕಿದರು.

ಆಸ್ಪತ್ರೆ ಒಂದೂವರೆ ವರ್ಷದಲ್ಲಿ ಎದ್ದಿತು. ಒಳ್ಳೆಯ ಕಟ್ಟಡ, ದೊಡ್ಡ ಕಿಟಕಿಗಳು, ಪ್ರತಿ ಹಾಸಿಗೆಯ ತಲೆದೆಸೆಗೂ ಆಕ್ಸಿಜನ್. ಮೊದಲ ತಿಂಗಳಲ್ಲೇ ಮೂವತ್ತೂ ತುಂಬಿದವು. ನೀರಿನ ಮಸೂದೆ ಅಧ್ಯಯನದ ನೆಪದಲ್ಲಿ ಕಡತ ಸೇರಿತು. ಚಕ್ರಗಳು ಒಣಗಲ್ಲನ್ನು ಕತ್ತರಿಸುತ್ತಲೇ ಇದ್ದವು.

ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಒಂಬತ್ತನೇ ಹಾಸಿಗೆಯಲ್ಲಿ ಮೇಸ್ತ್ರಿಯನ್ನು ಕಂಡರು. ಎಲುಬಿನ ಮೇಲೆ ಚರ್ಮ ಹೊದಿಸಿದ ಹಾಗಿದ್ದ. ಇವರನ್ನು ನೋಡಿ ಎದ್ದು ಕೂರಲು ಹೋಗಿ ಸೋತು, ದಿಂಬಿಗೊರಗಿದ.

"ಹಾಸಿಗೆ ಮೆತ್ತಗಿದೆ ಅಮ್ಮ."

ಅವನ ಚಕ್ರದ ಮೇಲೆ ಈಗ ಯಾರು ಎಂದು ಡಾಕ್ಟರಮ್ಮ ಕೇಳಿದರು. ಅಳಿಯ ಎಂದ, ಗಟ್ಟಿಮುಟ್ಟಾಗಿದ್ದಾನೆ, ಮೂವರು ಮಾಡುವ ಕೆಲಸ ಒಬ್ಬನೇ ಮಾಡುತ್ತಾನೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ನೀರು ಹಾಕ್ತಾರಾ?"

"ಯಾಕೆ ಹಾಕ್ತಾರೆ ಅಮ್ಮ? ಧೂಳಿಂದ ಏನೂ ಆಗಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಂತಲ್ಲ. ಶೆಡ್ಡಿನ ಆಫೀಸಲ್ಲಿ ಗೋಡೆಗೆ ಅಂಟಿಸಿದ್ದಾರೆ."

ಮೂದಲಿಕೆಯಿರಲಿಲ್ಲ; ಊರ ಸುದ್ದಿ ಹೇಳುವಂತೆ ಹೇಳಿದ. ಮೂದಲಿಸಿದ್ದರೆ ಡಾಕ್ಟರಮ್ಮ ಬಹುಶಃ ತಡೆದುಕೊಳ್ಳುತ್ತಿದ್ದರು. ಅವನ ಮಣಿಕಟ್ಟು ಹಿಡಿದು ನಾಡಿ ಎಣಿಸುವವರಂತೆ ನಿಂತರು. ಎಣಿಸುತ್ತಿರಲಿಲ್ಲವೆಂದು ಪಕ್ಕದಲ್ಲಿದ್ದ ನರ್ಸು ಆಮೇಲೆ ಹೇಳಿದಳು, ಏಕೆಂದರೆ ಗಡಿಯಾರದ ಕಡೆ ನೋಡಲೇ ಇಲ್ಲವಂತೆ. ನಾಲ್ಕನೆಯ ದಿನ ಅವನು ತೀರಿಕೊಂಡ. ಮರಣಪತ್ರದಲ್ಲಿ ಕಾರಣವನ್ನು ಎಂದಿನಂತೆ ಬರೆದುಕೊಡಲು ಹೋದರೆ, ಆಸ್ಪತ್ರೆಯ ಮುಖ್ಯಸ್ಥ ತಲೆ ತಗ್ಗಿಸಿ ಒಂದು ಸುತ್ತೋಲೆ ತೋರಿಸಿದ: ಸಮಿತಿಯ ವರದಿಯಂತೆ, ಅಧ್ಯಯನ ಮುಗಿಯುವವರೆಗೆ, 'ಶ್ವಾಸಕೋಶದ ಸೋಂಕು' ಎಂದಷ್ಟೇ ಬರೆಯತಕ್ಕದ್ದು.

ಮುಂದಿನ ಅಧಿವೇಶನದಲ್ಲಿ ಅವರು ಎದ್ದುನಿಂತು ವೈಯಕ್ತಿಕ ವಿವರಣೆಗೆ ಅವಕಾಶ ಕೇಳಿದರು. ಸಭಾಧ್ಯಕ್ಷರು ಎರಡು ನಿಮಿಷ ಕೊಟ್ಟರು. ಸದನ ಮುಕ್ಕಾಲು ಪಾಲು ಖಾಲಿಯಿತ್ತು, ಊಟದ ಹೊತ್ತು. ಆ ವರದಿಯಲ್ಲಿರುವ ತಮ್ಮ ಸಹಿ ತಪ್ಪು, ಧೂಳಿನ ಬಗ್ಗೆ ಅದರಲ್ಲಿರುವ ವಾಕ್ಯ ಸುಳ್ಳು, ಅದು ಸುಳ್ಳೆಂದು ಸಹಿ ಹಾಕುವಾಗಲೂ ತಮಗೆ ಗೊತ್ತಿತ್ತು ಎಂದರು. ಹಿಂದಿನ ಸಾಲಿನಿಂದ ಯಾರೋ, ಸಹಿ ಮಾಡುವಾಗ ಓದಿರಲಿಲ್ಲವೇ ಎಂದು ಕೆಣಕಿದರು.

"ಓದಿದ್ದೆ. ಓದಿಯೇ ಮಾಡಿದೆ. ಅದನ್ನ ಹೇಳೋಕೇ ನಿಂತಿರೋದು."

ಎರಡು ನಿಮಿಷ ಇನ್ನೂ ಮುಗಿದಿರಲಿಲ್ಲ, ಕೂತುಬಿಟ್ಟರು. ಶೀಘ್ರಲಿಪಿಕಾರರು ಬರೆದುಕೊಂಡರು. ಎಲ್ಲವೂ ದಾಖಲಾಯಿತು, ಏನೂ ಬದಲಾಗಲಿಲ್ಲ. ಪಕ್ಷ ಮುಂದಿನ ಸಲ ಅವರನ್ನು ಕೇಳಲಿಲ್ಲ; ಕೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ.

ಮತ್ತೆ ಕ್ಲಿನಿಕ್ಕಿನ ಬಾಗಿಲು ತೆರೆದರು. ರೋಗಿಗಳು ಬಂದರು, ಆದರೆ ಶೆಡ್ಡಿನ ಕಡೆಯ ಮನೆಗಳವರು ಹೆಚ್ಚಾಗಿ ಬರಲಿಲ್ಲ. ಕೋಪಕ್ಕಲ್ಲ, ಅವರಿಗೀಗ ದೊಡ್ಡ ಆಸ್ಪತ್ರೆಯೇ ಹತ್ತಿರವಿತ್ತು. ಭಾನುವಾರಗಳಂದು ಡಾಕ್ಟರಮ್ಮನೇ ಆ ಕಡೆ ನಡೆದರು. ಕಾಯಿಲೆಯವರಿದ್ದ ಮನೆಗಳಿಗಲ್ಲ, ಗಟ್ಟಿಮುಟ್ಟಾದವರ ಮನೆಗಳಿಗೆ. ಮೇಸ್ತ್ರಿಯ ಅಳಿಯ ಹೊಸ್ತಿಲಲ್ಲಿ ನಿಂತು, ತನಗೇನಾಗಿದೆ ಎಂದು ನಕ್ಕು, ಒತ್ತಾಯಕ್ಕೆ ಅಂಗಿ ಬಿಚ್ಚಿ ಎದೆ ತೋರಿಸಿದ. ಮುಂದಿನ ಭಾನುವಾರ ನಗಲಿಲ್ಲ. ಅದರ ಮುಂದಿನ ವಾರ ಅವನ ಹೆಂಡತಿ ಬಾಗಿಲಿಗೆ ಬಂದು, ಚೆನ್ನಾಗಿರುವವರ ಮನೆಗೆ ಡಾಕ್ಟರು ಪದೇಪದೇ ಬಂದರೆ ನೋಡಿದವರು ಏನಂದುಕೊಳ್ಳುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಆದರೂ ಹೋಗುತ್ತಿದ್ದರು. ಕಾಲು ನಡೆಯುವವರೆಗೂ ಹೋದರು.

ಸೇವೆಯಿಂದ ಅಧಿಕಾರಕ್ಕೆ ನಡೆದುಹೋಗುವ ಇಂಥವರ ಬಗ್ಗೆ ನಾವು ಎರಡೇ ಬಗೆಯಲ್ಲಿ ಮಾತಾಡುತ್ತೇವೆ: ಕೆಟ್ಟರು ಎನ್ನುತ್ತೇವೆ, ಇಲ್ಲವೇ ಅಲ್ಲಿಗೆ ಹೊಂದಲಿಲ್ಲ ಎನ್ನುತ್ತೇವೆ. ಡಾಕ್ಟರಮ್ಮ ಕೆಟ್ಟವರಲ್ಲ, ಮುಗ್ಧರೂ ಅಲ್ಲ. ಅವರನ್ನು ಸೋಲಿಸಿದ್ದು ಅವರ ದೌರ್ಬಲ್ಯವಲ್ಲ, ಒಳ್ಳೆಯ ವೈದ್ಯರನ್ನು ಒಳ್ಳೆಯವರನ್ನಾಗಿ ಮಾಡುವ ಗುಣವೇ. ಎದುರಿಗೆ ಕೂತು ಏದುಸಿರು ಬಿಡುವವನಿಗೆ ಮೊದಲು ಉಸಿರು ಕೊಡು ಎನ್ನುತ್ತದೆ ಆ ವಿದ್ಯೆ. ಅದಕ್ಕಿಂತ ದೊಡ್ಡ ಧರ್ಮವನ್ನು ಅದು ಕಲಿಸುವುದಿಲ್ಲ, ಕಲಿಸಬೇಕಾಗಿಯೂ ಇಲ್ಲ. ಆದರೆ ಕಾನೂನು ಮಾಡುವ ಮನೆಯಲ್ಲಿ ಕೂತವರಿಗೆ ಕೇಳಿಸಬೇಕಾದದ್ದು ಇನ್ನೂ ಕೆಮ್ಮದೇ ಇರುವವನ ಕೆಮ್ಮು.