ಕಲಿಸದೆ ಬಿಟ್ಟ ಮಾತು

"ನೀವು ಒಳಗೆ ಬರೋದು ಬೇಡ," ಎಂದು ತಮ್ಮ ಬಾಗಿಲಿಗೆ ಅಡ್ಡಲಾಗಿ ಕೈಯಿಟ್ಟ. ಒಳಗೆ ನಡುಮನೆಯಲ್ಲಿ ಅಕ್ಕನ ದೇಹವಿತ್ತು. ಹೊರಗೆ ಹೂ ಹಿಡಿದು ನಿಂತಿದ್ದವರು ಅಕ್ಕ ದುಡಿದ ರೋಬೋಟ್ ಪ್ರಯೋಗಾಲಯದ ನಿರ್ದೇಶಕರು.

"ಎರಡು ವರ್ಷ ನಮ್ಮಕ್ಕನ್ನ ಉಗ್ರಾಣದಲ್ಲಿ ಮೊಳೆ ಎಣಿಸೋಕೆ ಕೂರಿಸಿದ್ರಿ. ಈಗ ಯಾವ ಮುಖ ಇಟ್ಕೊಂಡು ಬಂದ್ರಿ?"

ನಿರ್ದೇಶಕರು ಹೋಗಲಿಲ್ಲ. ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ತುಳಿಯದಂತೆ ಬದಿಗೆ ಸರಿದು ನಿಂತರು.

*

ಉಗ್ರಾಣಕ್ಕೆ ಹೋಗುವ ಮುಂಚೆ ಅಕ್ಕ ಪರೀಕ್ಷಿಸುತ್ತಿದ್ದದ್ದು ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವ ಯಂತ್ರವನ್ನು. ನೋವಾದರೆ ರೋಗಿ "ನಿಲ್ಲಿಸು" ಅನ್ನಬೇಕು, ಯಂತ್ರ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಆಸ್ಪತ್ರೆಗೆ ಕಳಿಸಲು ಬೇಕಿದ್ದ ಕಡೆಯ ಸಹಿ ಅಕ್ಕನದು.

"ಬಾಗಿಲಿಗೆ ಬೆರಳು ಸಿಕ್ಕಿದ್ರೆ ನೀವೇನಂತೀರಿ ಸಾರ್?" ಎಂದು ಅವಳು ನಿರ್ದೇಶಕರನ್ನು ಕೇಳಿದಳು.

"ಅಮ್ಮಾ ಅಂತೀನಿ."

"ಅದನ್ನ ಇದಕ್ಕೆ ಕಲಿಸಿಲ್ಲ."

"ವಾರ್ಡಲ್ಲಿ ಮೂರು ಹೊತ್ತೂ ಅಮ್ಮಾ ಅಂತಾರೆ. ಪ್ರತಿ ಸಲ ನಿಂತ್ರೆ ಕೆಲ್ಸ ಸಾಗುತ್ತಾ?"

"ನಿಧಾನಕ್ಕೆ ಸಾಗ್ಲಿ. ಎತ್ತೋದು ಮನುಷ್ಯರನ್ನ, ಮೂಟೆಯನ್ನಲ್ಲ."

ಅವಳು ಸಹಿ ಹಾಕಲಿಲ್ಲ. ಮರುವಾರವೇ ಉಗ್ರಾಣಕ್ಕೆ ವರ್ಗವಾಯಿತು. ಅಲ್ಲಿಂದಲೂ ಅದೇ ಮಾತನ್ನು ಕಾಗದದಲ್ಲಿ ಬರೆದು ಮೇಲಕ್ಕೆ ಕಳಿಸುತ್ತಲೇ ಇದ್ದಳು. ಅವಳ ಕುರ್ಚಿಗೆ ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಬಂದರು. ಆ ಕಾಗದ ಓದಿದ ಮೂವರೂ ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಕೊನೆಗೆ ಯಂತ್ರವೇ "ಅಮ್ಮಾ" ಕಲಿಯಬೇಕಾಯಿತು.

*

ಊರುಗೋಲು ಹಿಡಿದ ಮುದುಕರೊಬ್ಬರು ಗೇಟು ತಳ್ಳಿಕೊಂಡು ಬಂದರು. "ಮಿಷನ್ನಿಗೆ ಅಮ್ಮಾ ಕಲಿಸಿದ ಮೇಡಂ ಮನೆ ಇದೇನಾ?"

"ಅಕ್ಕ ನಿಮಗೆ ಪರಿಚಯವಾ?" ಎಂದ ತಮ್ಮ.

"ಮುಖ ನೋಡಿಲ್ಲ ಕಣಪ್ಪ. ಸೊಂಟ ಮುರಿದಿತ್ತು. ಅಮ್ಮಾ ಅಂದೆ, ಅಲ್ಲೇ ನಿಂತ್ಬಿಡ್ತು. ನಲವತ್ತು ವರ್ಷದಲ್ಲಿ ನನ್ ಹೆಂಡ್ತಿ ಒಂದೇ ಸಲಕ್ಕೆ ನನ್ ಮಾತು ಕೇಳಿದ್ದಿಲ್ಲ. ಇವತ್ತು ನರ್ಸಮ್ಮ ಸುದ್ದಿ ಹೇಳಿದ್ರು. ಎಲ್ಲಾರೂ ಬಂದ್ವಿ."

ತಮ್ಮ ಅವರ ಹೆಗಲಾಚೆ ನೋಡಿದ. ಬೀದಿಯ ತಿರುವಿನವರೆಗೂ ಜನ. ಊರುಗೋಲುಗಳು, ಗಾಲಿಕುರ್ಚಿಗಳು, ಇನ್ನೊಬ್ಬರ ತೋಳು ಹಿಡಿದು ಬಂದವರು. ಒಬ್ಬಾಕೆ ಪಕ್ಕದವಳ ಸೆರಗನ್ನು ಗಾಲಿಗೆ ಸಿಗದಂತೆ ಎತ್ತಿ ಹಿಡಿದಿದ್ದಳು.

"ನಮ್ಮಕ್ಕ ಗೆದ್ದಳು ಅಂತ ನನಗೆ ಯಾರೂ ಹೇಳಲೇ ಇಲ್ಲ," ಎಂದ ತಮ್ಮ.

"ನಾನು ಹೇಳ್ಬೇಕಿತ್ತು," ಎಂದರು ನಿರ್ದೇಶಕರು. "ಅದಕ್ಕೇ ಬಂದೆ."

ಅಕ್ಕನ ಶವಪೆಟ್ಟಿಗೆ ಎತ್ತುವಾಗ, ಒಂದು ಕಾಲಕ್ಕೆ ತಾವೇ ಆ ಯಂತ್ರದಿಂದ ಎತ್ತಿಸಿಕೊಂಡಿದ್ದವರೆಲ್ಲ ಕೈಹಾಕಿದರು. ನಿರ್ದೇಶಕರು ಒಂದು ಸುತ್ತು ಬಂದರು, ಬೆರಳೂರುವಷ್ಟೂ ಜಾಗವಿರಲಿಲ್ಲ.

ತಲೆಯ ಬದಿಯಲ್ಲಿದ್ದ ತಮ್ಮ ತನ್ನ ಕೈಯನ್ನು ಒಂದು ಗೇಣು ಸರಿಸಿದ.